ತೋಳದ ತಲೆಯ ಹಿಂದೆ ಬರೆದದ್ದು

ಹಿತ್ತಿಲ ಕಲ್ಲಿನ ಮೇಲೆ ಕೂತು ಬೂತಾಯಿ ಮೀನಿನ ತಲೆ ತೆಗೆಯುತ್ತಿದ್ದಾಗ ಫೋನ್ ಬಂತು. ಕೈ ತೊಳೆಯಲು ಪುರುಸೊತ್ತಿರಲಿಲ್ಲ, ಸೆರಗಿನ ತುದಿಯಲ್ಲಿ ರಿಸೀವರ್ ಹಿಡಿದುಕೊಂಡೆ. ಬಂಟ್ವಾಳದಿಂದ ನನ್ನ ತಾಯಿ, ಉಮ್ಮ. ಅವರಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಮೂಡಬಿದ್ರೆಯ ತನಕ ಕೂಗಿಯೇ ತಲುಪಿಸಬೇಕೆಂದು ಅವರ ಲೆಕ್ಕ.

"ಆಸ್ಮಾ, ಸಮೀರಾ ಊರಿಗೆ ಬಂದಿದ್ದಾಳೆ ಮಾರಾಯ್ತಿ. ಗುರುವಾಯನಕೆರೆಯಲ್ಲಿ ಇದ್ದಾಳಂತೆ. ಶುಕ್ರವಾರ ನಿನ್ನಲ್ಲಿಗೆ ಬರ್ತಾಳೆ."

"ನನ್ನಲ್ಲಿಗಾ? ಯಾಕೆ?"

"ಆ ಪುಸ್ತಕ ಏನಾಯ್ತು ಅಂತ ಕೇಳಿದಳು. ನೀನು ಮದುವೆಯಾಗಿ ಹೋಗುವಾಗ ತಕೊಂಡು ಹೋಗಿದ್ದಿ ಅಂದೆ."

"ಯಾವ ಪುಸ್ತಕ ಉಮ್ಮಾ?" ಅಂದೆ, ಗೊತ್ತಿದ್ದೂ.

"ಇನ್ಯಾವುದು? ತೋಳದ ಪುಸ್ತಕ. ಅಜ್ಜಿ ಕತ್ತರಿಸಿದ್ದು."

ಅಜ್ಜಿ ಕತ್ತರಿಸಿದ್ದಲ್ಲ. ನಾನು ಕತ್ತರಿಸಿದ್ದು. ಈ ಒಂದು ಮಾತು ಹೇಳಲು ನನಗೆ ಹದಿನೈದು ವರ್ಷ ಹಿಡಿಯಿತು. ಆ ಹೊತ್ತಿಗೆ ಅಜ್ಜಿ ಮಣ್ಣು ಸೇರಿ ಎಷ್ಟೋ ವರ್ಷ ಆಗಿತ್ತು. ಐದು ಹೊತ್ತು ನಮಾಜು ತಪ್ಪಿಸದವಳು, ರಂಜಾನಿನ ಉಪವಾಸ ಬಾಕಿ ಇಟ್ಟುಕೊಳ್ಳದವಳು ಎಂದು ಗಂಡನ ಕಡೆಯವರೆಲ್ಲ ನನ್ನ ಬಗ್ಗೆ ಒಳ್ಳೆಯ ಮಾತು ಆಡುತ್ತಾರೆ. ಹಾಗೆ ಆಡಿದಾಗಲೆಲ್ಲ ನನಗೆ ಆ ಕಪ್ಪು ಕತ್ತರಿ ನೆನಪಾಗುತ್ತದೆ.

ನಾನು ಹುಟ್ಟಿ ಬೆಳೆದ ಮನೆ ಬಂಟ್ವಾಳದ ಹತ್ತಿರ, ಪಾಣೆಮಂಗಳೂರಿನ ಹಳೆಯ ಸೇತುವೆಯಿಂದ ಸ್ವಲ್ಪ ಕೆಳಗೆ, ನದಿಯ ಬದಿಯಲ್ಲಿ ಇತ್ತು. ಎದುರಿಗೆ ಸಿಮೆಂಟಿನ ಜಗಲಿ, ಒಳಗೆ ಉದ್ದದ ನಡುಮನೆ, ಒಂದು ಬದಿಗೆ ಬಾಪ ಮತ್ತು ಉಮ್ಮನ ಕೋಣೆ, ಇನ್ನೊಂದು ಬದಿಗೆ ಬಾಪನ ತಾಯಿ ಅಜ್ಜಿಯ ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ. ಬಾಪನಿಗೆ ಪೇಟೆಯಲ್ಲಿ ಒಣಮೀನಿನ ಅಂಗಡಿ. ಮನೆಯ ಹೆಂಗಸರಿಗೆ ಬೀಡಿ ಕಟ್ಟುವುದು. ಸಂಜೆಯ ಅಸರ್ ನಮಾಜು ಮುಗಿದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ, ಮಡಿಲಲ್ಲಿ ಬಿದಿರಿನ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಎಲ್ಲರೂ ಸುತ್ತ ಕೂರುವುದು. ನೆನೆಸಿದ ಎಲೆಯನ್ನು ತಗಡಿನ ಅಳತೆ ಇಟ್ಟು ಕತ್ತರಿಸಿ ಕೊಡುವುದು ನನ್ನ ಕೆಲಸ. ಹತ್ತು ವರ್ಷಕ್ಕೇ ನನ್ನ ಕೈಯಲ್ಲಿ ಕತ್ತರಿ ಎಷ್ಟು ಚೆನ್ನಾಗಿ ಓಡುತ್ತಿತ್ತೆಂದರೆ, ಎಲೆಯ ಒಂದು ನರ ಹಾಳಾಗದಂತೆ ಕತ್ತರಿಸುತ್ತಾಳೆ ಇವಳು ಎಂದು ಅಜ್ಜಿ ಬಂದವರ ಹತ್ತಿರ ಹೇಳಿಕೊಳ್ಳುತ್ತಿದ್ದರು. ಅಜ್ಜಿ ನನ್ನನ್ನು ಹೊಗಳಿದ್ದು ಆ ಒಂದು ವಿಷಯಕ್ಕೇ.

ಇರಾಕಿನ ಸೇನೆ ನುಗ್ಗಿ ಕುವೈತಿನಲ್ಲಿ ಗಲಾಟೆ ಶುರುವಾದ ವರ್ಷ ಮಾಮಿ ಬಂದರು. ಮಾಮಿ ಅಂದರೆ ಬಾಪನ ತಂಗಿ. ಜೊತೆಗೆ ಅವರ ಮಗಳು ಸಮೀರಾ, ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಎಷ್ಟೋ ದಿನ ಮರುಭೂಮಿಯಲ್ಲಿ ಬಸ್ಸಿನಲ್ಲಿ, ಆಮೇಲೆ ಡೇರೆಯಲ್ಲಿ ಇದ್ದು, ವಿಮಾನ ಹತ್ತಿ ಬೊಂಬಾಯಿಗೆ ಬಂದು, ಅಲ್ಲಿಂದ ಮತ್ತೆ ಬಸ್ಸು. ಇಬ್ಬರಿಗೂ ಸೇರಿ ಒಂದೇ ಚೀಲ. ಅವರನ್ನು ಬಸ್ಸು ಹತ್ತಿಸಿದ ಮಾಮ, ಅಂದರೆ ಮಾಮಿಯ ಗಂಡ, ಹಸನಬ್ಬ ಎಂದು ಹೆಸರು, ಕಂಪೆನಿಯ ಸ್ಟೋರಿನ ಬೀಗದಕೈ ಒಪ್ಪಿಸಿ ಮುಂದಿನ ಬಸ್ಸಿಗೆ ಬರ್ತೇನೆ ಎಂದವರು ಬರಲಿಲ್ಲ. ಪತ್ರವೂ ಇಲ್ಲ. ಮಾಮಿ ನಮ್ಮ ಮನೆಯ ಹೊಸ್ತಿಲು ದಾಟುವಾಗ ಕಾಲಲ್ಲಿ ಎರಡು ಬೇರೆ ಬೇರೆ ಜೋಡಿಯ ಚಪ್ಪಲಿ ಇತ್ತು. ಉಮ್ಮ ಅದನ್ನು ನೋಡಿ ಅತ್ತರು. ಮಾಮಿ ಅಳಲಿಲ್ಲ. ತಾಯಿ ಮಗಳು ಜೀವಸಹಿತ ಬಂದರಲ್ಲ, ಅಲ್‌ಹಮ್ದುಲಿಲ್ಲಾಹ್, ಎಂದರು ಅಜ್ಜಿ.

ಆ ಚೀಲದಲ್ಲಿ ಬಟ್ಟೆಯ ನಡುವೆ ಸಮೀರಾ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದಿದ್ದಳು. ಕೆಲಸ ಬಿಟ್ಟು ಊರಿಗೆ ಹೋದ ಯಾವನೋ ಬಿಳಿ ದೊರೆ ಮಾಮನಿಗೆ ಕೊಟ್ಟದ್ದಂತೆ. ಅದು ಕಥೆಯ ಪುಸ್ತಕವಲ್ಲ, ಆಟದ ಪುಸ್ತಕ. ಆ ಆಟಕ್ಕೆ ಹಲಗೆ ಇಲ್ಲ, ಕಾಯಿ ಇಲ್ಲ. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಆ ಕಥೆಯೊಳಗೆ ಹೋಗಿ ತಾವು ಏನು ಮಾಡುತ್ತೇವೆಂದು ಹೇಳಬೇಕು. ಮಾಡಿದ್ದು ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ದಾರಿಯಲ್ಲಿ ಎದುರಾಗುವ ಭೂತ ರಾಕ್ಷಸರೆಲ್ಲ ಆ ಪುಸ್ತಕದಲ್ಲಿದ್ದರು, ಒಂದೊಂದಕ್ಕೂ ಚಿತ್ರ. ನಡುವಿನ ಒಂದು ಭಾಗ ಪೂರ್ತಿ ತೋಳದ ಜಾತಿಯವೇ. ಉಸಿರಿನಲ್ಲಿ ಹಿಮ ಕಾರುವ ಬಿಳಿ ತೋಳ, ಬಾಯಲ್ಲಿ ಬೆಂಕಿ ಇರುವ ಕರಿಯದು, ಹಗಲು ಮನುಷ್ಯನಾಗಿದ್ದು ಹುಣ್ಣಿಮೆಗೆ ಕೂದಲು ಬಿಟ್ಟು ತೋಳವಾಗುವವನು. ಎಲ್ಲಕ್ಕಿಂತ ದೊಡ್ಡದು ವಾರ್ಗ್ ಎಂಬುದು. ಅದರ ಚಿತ್ರ ಇಡೀ ಒಂದು ಪುಟ. ಬೆನ್ನಿನ ಮೇಲೆ ಕುಳ್ಳ ಪಿಶಾಚಿಯೊಂದು ಸವಾರಿ ಮಾಡುತ್ತಿತ್ತು. ಅದು ಬರೀ ಮೃಗವಲ್ಲ, ಅದಕ್ಕೆ ಬುದ್ಧಿ ಉಂಟು, ಮಾತು ಬರುತ್ತದೆ, ಕೆಟ್ಟದ್ದನ್ನು ಯೋಚಿಸಿಯೇ ಮಾಡುತ್ತದೆ ಎಂದಳು ಸಮೀರಾ. ಚಿತ್ರದಲ್ಲಿ ಅದು ನಗುತ್ತಿರುವ ಹಾಗಿತ್ತು. ಪುಸ್ತಕವನ್ನು ಎತ್ತ ತಿರುಗಿಸಿದರೂ ಅದರ ಕಣ್ಣು ನಮ್ಮನ್ನೇ ನೋಡುತ್ತಿತ್ತು. ನಮ್ಮ ಕಡೆ ತೋಳ ಇಲ್ಲ. ನರಿ ಉಂಟು, ಗುಡ್ಡದ ಬದಿಗೆ ಹೋದರೆ ಚಿರತೆ ಉಂಟು. ಅಜ್ಜಿ ಕನ್ನಡಕ ಹಾಕಿ ಬಹಳ ಹೊತ್ತು ಆ ಪುಟ ನೋಡಿದರು.

"ಇದಕ್ಕೆ ತಿನ್ನಲಿಕ್ಕೆ ಏನು ಹಾಕ್ತಾರೆ?"

"ಮನುಷ್ಯರನ್ನು ತಿಂತದೆ ಅಜ್ಜಿ."

"ಮನುಷ್ಯರಲ್ಲಿ ಏನುಂಟು ತಿನ್ನಲಿಕ್ಕೆ? ಎಲುಬು," ಎಂದು ಪುಸ್ತಕ ಮುಚ್ಚಿ ಕೊಟ್ಟರು.

ಪುಸ್ತಕದ ಜೊತೆ ಬಂದಿದ್ದ ದಾಳವನ್ನು ಮಾತ್ರ ವಾಪಸು ಕೊಡಲಿಲ್ಲ. ದಾಳ ಎಸೆಯುವುದು ಜೂಜು, ಹರಾಮ್, ಇದು ನನ್ನ ಪೆಟ್ಟಿಗೆಯಲ್ಲಿ ಇರಲಿ, ಕಥೆ ಬೇಕಾದರೆ ಎಷ್ಟು ಬೇಕಾದರೂ ಹೇಳಿ ಎಂದು ತಮ್ಮ ಎಲೆಯಡಿಕೆಯ ಪೆಟ್ಟಿಗೆಯೊಳಗೆ ಹಾಕಿಕೊಂಡರು. ಸಮೀರಾ ಅಜ್ಜಿಯ ಮೇಲೆ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ನಾನೇ ಉಪಾಯ ಹೇಳಿದೆ. ಕತ್ತರಿಸಿ ಉಳಿದ ಎಲೆಯ ಚೂರುಗಳಲ್ಲಿ ಇಪ್ಪತ್ತನ್ನು ಆರಿಸಿ, ಒಂದೊಂದರ ಮೇಲೆ ಒಂದೊಂದು ಅಂಕೆ ಬರೆದು, ಪೌಡರಿನ ಖಾಲಿ ಡಬ್ಬಿಗೆ ಹಾಕಿ ಕುಲುಕಿ ಒಂದನ್ನು ತೆಗೆಯುವುದು. ಅಜ್ಜಿ ನೋಡಿಯೂ ನೋಡದ ಹಾಗೆ ಇದ್ದರು. ಹೀಗೆ ಬೀಡಿ ಕಟ್ಟುತ್ತಾ ಕಟ್ಟುತ್ತಾ ನಮ್ಮ ನಡುಮನೆಯಲ್ಲಿ ಆ ಆಟ ನಡೆಯಿತು. ಸಮೀರಾ ಕಂಬಕ್ಕೆ ಒರಗಿ ಕೂತು ಹೇಳುವವಳು. ನಾನು ಎಲೆ ಕತ್ತರಿಸುತ್ತಾ ಆಡುವವಳು.

"ನೀನೀಗ ಕಣಿವೆಯ ಬಾಯಲ್ಲಿ ನಿಂತಿದ್ದಿ. ದಾರಿಗೆ ಅಡ್ಡ ತೋಳ ಮಲಗಿದೆ. ನಿನ್ನನ್ನು ನೋಡಿ ಎದ್ದು ನಿಲ್ತದೆ."

"ಎಷ್ಟು ದೊಡ್ಡದು?"

"ಕಂಬಳದ ಕೋಣದಷ್ಟು ಅಂತ ಇಟ್ಟುಕೋ," ಎಂದರು ಉಮ್ಮ, ಬೀಡಿಯ ಬಾಯಿ ಮಡಚುತ್ತಾ.

"ಅದು ಮಾತಾಡ್ತದೆ. 'ನೀನು ಯಾರು' ಅಂತ ಕೇಳ್ತದೆ."

"ನಾನು ಪಾಣೆಮಂಗಳೂರಿನ ಒಣಮೀನಿನ ಅಬ್ದುಲ್ಲನ ಮಗಳು."

ಉಮ್ಮ, ಮಾಮಿ ಇಬ್ಬರೂ ನಕ್ಕರು. ಬಂದ ಮೇಲೆ ಮಾಮಿ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಯ್ಯೋ, ಹಾಗೆ ಹೇಳೋದಲ್ಲ ಮಾರಾಯ್ತಿ!" ಸಮೀರಾ ನೆಲಕ್ಕೆ ಕೈ ಬಡಿದಳು. "ನಿನ್ನ ಆಟದ ಹೆಸರು ಹೇಳ್ಬೇಕು. ನೀನೀಗ ಆಸ್ಮಾ ಅಲ್ಲ, ಕತ್ತಿ ಹಿಡಿದವಳು."

"ಕತ್ತಿ ಹಿಡಿದವಳಿಗೆ ಬಾಪ ಇಲ್ವಾ?"

ಹೇಳಿದ ಮೇಲೆ ನನಗೇ ನಾಲಗೆ ಕಚ್ಚಿಕೊಳ್ಳುವ ಹಾಗಾಯಿತು. ನಮ್ಮ ಕಡೆ ಹಾಗೆಯೇ ತಾನೆ, ಯಾರು ಎಂದು ಕೇಳಿದರೆ ಯಾರೂ ತಮ್ಮ ಹೆಸರು ಹೇಳುವುದಿಲ್ಲ, ಇಂಥವರ ಮಗಳು ಎಂದೇ ಹೇಳುವುದು. ಸಮೀರಾ ಡಬ್ಬಿ ಕುಲುಕಿ ಒಂದು ಎಲೆ ತೆಗೆದಳು. ನಾಲ್ಕು ಬಂತು. ತೋಳ ನನ್ನನ್ನು ತಿಂದಿತು ಎಂದು ಹೇಳಿ ಎದ್ದು ಹೋದಳು.

ಆ ತೋಳವನ್ನು ಯಾರೂ ದಾಟಿದ್ದೇ ಇಲ್ಲ ಎಂದು ಆಮೇಲೆ ಅವಳು ನನಗೆ ಹೇಳಿದಳು. ಕುವೈತಿನಲ್ಲಿ ಶುಕ್ರವಾರ ಊಟವಾದ ಮೇಲೆ ಮಾಮ ಅವಳಿಗೆ ಈ ಆಟ ಆಡಿಸುತ್ತಿದ್ದರಂತೆ. ಮಾಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಪುಟದ ಖಾಲಿ ಜಾಗದಲ್ಲೆಲ್ಲ ಪೆನ್ಸಿಲಿನಿಂದ ಕನ್ನಡದಲ್ಲಿ ಗುರುತು ಹಾಕಿಕೊಂಡು ಕಥೆ ಕಟ್ಟುತ್ತಿದ್ದರು. ಅವಳು ಎಷ್ಟು ಸಲ ಆ ಕಣಿವೆಗೆ ಬಂದರೂ ತೋಳದ ಹತ್ತಿರ ಸೋಲುತ್ತಿದ್ದಳು. ಅದನ್ನು ದಾಟುವುದು ಹೇಗೆಂದು ಮಾಮ ಆ ಚಿತ್ರದ ಹಾಳೆಯ ಹಿಂಬದಿಯಲ್ಲಿ ಬರೆದಿಟ್ಟಿದ್ದರು. ಅವಳು ಓದಬಾರದೆಂದು ಆ ಹಾಳೆಯನ್ನೂ ಮುಂದಿನ ಹಾಳೆಯನ್ನೂ ಸೇರಿಸಿ ಸ್ಟೇಪ್ಲರಿನ ಪಿನ್ನು ಹೊಡೆದಿದ್ದರು.

"ಬಿಡಿಸಿ ನೋಡುವ," ಅಂದೆ ನಾನು.

"ಬೇಡ. ಉಪ್ಪ ಬಂದ ಮೇಲೆ ಆಟ ಮುಂದುವರಿಸುವ ಅಂದಿದ್ದಾರೆ. ಉಪ್ಪ ಬಂದ ಮೇಲೆಯೇ."

ಉಪ್ಪ ಎಂದರೆ ಅವಳ ತಂದೆ, ನಮ್ಮ ಮಾಮ. ಅಷ್ಟು ಮರುಭೂಮಿ ದಾಟಿ ಬರುವಾಗಲೂ ಅವಳು ಆ ಪಿನ್ನು ತೆಗೆದಿರಲಿಲ್ಲ.

ದಿನ ಹೋದ ಹಾಗೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಮಾಮಿ ಪ್ರತಿ ನಮಾಜಿನ ನಂತರ ಮುಸಲ್ಲದ ಚಾಪೆಯ ಮೇಲೆಯೇ ಕೂತು ಕೈ ಎತ್ತಿ ಎಷ್ಟು ಹೊತ್ತು ದುಆ ಬೇಡುತ್ತಿದ್ದರೆಂದರೆ ಗಂಜಿ ತಣ್ಣಗಾಗಿ ಮೇಲೆ ಪೊರೆ ಕಟ್ಟುತ್ತಿತ್ತು. ಬಾಪ ಪೇಟೆಯಲ್ಲಿ ಯಾರು ಕುವೈತಿನಿಂದ ಬಂದರೂ ಓಡಿ ಹೋಗಿ ಕೇಳುತ್ತಿದ್ದರು, ಬರುವಾಗ ಬರಿಗೈ. ಸಮೀರಾ ಈಗ ಆಟ ಆಡದೆಯೇ ಡಬ್ಬಿ ಕುಲುಕಲು ಶುರುಮಾಡಿದಳು. ಹದಿನೈದಕ್ಕಿಂತ ಮೇಲೆ ಬಂದರೆ ತೋಳ ಉಪ್ಪನನ್ನು ಬಿಡುತ್ತದೆ, ಕೆಳಗೆ ಬಂದರೆ ಬಿಡುವುದಿಲ್ಲ ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುವುದು. ಕೆಳಗೆ ಬಂದರೆ ಮತ್ತೆ ಕುಲುಕುವುದು. ನನಗೆ ಹೆದರಿಕೆಯಾಯಿತು. ಶಕುನ ನೋಡುವುದು ಎಷ್ಟು ದೊಡ್ಡ ಪಾಪವೆಂದು ಮದ್ರಸದಲ್ಲಿ ಕಲಿತಿದ್ದೆ.

ಅದೇ ವಾರ ಬೆಳಿಗ್ಗೆ ಮದ್ರಸದಲ್ಲಿ ಉಸ್ತಾದರು ಒಂದು ಪಾಠ ಮಾಡಿದರು. ಜೀವ ಇರುವವುಗಳ ಚಿತ್ರ ಯಾವ ಮನೆಯಲ್ಲಿ ಇರುತ್ತದೋ ಆ ಮನೆಗೆ ರಹ್ಮತಿನ ಮಲಕುಗಳು, ಅಂದರೆ ಕರುಣೆ ತರುವ ದೇವದೂತರು, ಕಾಲಿಡುವುದಿಲ್ಲ ಎಂದು. ಅವರು ಒಳ್ಳೆಯ ಮನುಷ್ಯ, ಬೆತ್ತ ಇಟ್ಟುಕೊಂಡವರಲ್ಲ. ಅವರು ಹೇಳಿದ್ದು ಒಂದು, ನಾನು ಮಾಡಿಕೊಂಡದ್ದು ಒಂದು. ನನ್ನ ತಲೆಯಲ್ಲಿ ಥಟ್ಟನೆ ಎಲ್ಲವೂ ಸೇರಿತು. ಮಾಮಿಯ ದುಆ ಯಾಕೆ ತಲುಪುವುದಿಲ್ಲ? ಮಾಮ ಯಾಕೆ ಬರುವುದಿಲ್ಲ? ನಮ್ಮ ಮನೆಯ ಬಾಗಿಲಲ್ಲಿ ಮಲಕುಗಳು ಬಂದು ನಿಂತಿದ್ದಾರೆ, ಒಳಗೆ ಅಷ್ಟೊಂದು ಪಿಶಾಚಿ, ತೋಳ ಇರುವಾಗ ಅವರು ಹೇಗೆ ಬಂದಾರು? ಪಾಠ ಮುಗಿದ ಮೇಲೆ ಎದ್ದು ನಿಂತು ಕೇಳಿದೆ.

"ಉಸ್ತಾದ್, ಚಿತ್ರದ ತಲೆ ತೆಗೆದರೆ ಸಾಕಾ?"

"ಸಾಕು ಮಗಳೇ. ತಲೆ ಇಲ್ಲದಿದ್ದರೆ ಅದು ಮರ ಇದ್ದ ಹಾಗೆ. ಅದಕ್ಕೆ ದೋಷ ಇಲ್ಲ."

ಯಾಕೆ ಕೇಳಿದೆ ಎಂದು ಅವರು ವಿಚಾರಿಸಲಿಲ್ಲ. ನಾನೂ ಹೇಳಲಿಲ್ಲ. ಪುಸ್ತಕವನ್ನು ಸುಡಬೇಕಾಗಿಲ್ಲ, ತಲೆ ಮಾತ್ರ ತೆಗೆದರೆ ಸಾಕು, ಸಮೀರಾಳಿಗೆ ಪುಸ್ತಕವೂ ಉಳಿಯುತ್ತದೆ, ಮಾಮನೂ ಬರುತ್ತಾರೆ ಎಂದು ಮನೆಯ ತನಕ ಕುಣಿದುಕೊಂಡೇ ಬಂದೆ.

ಆ ದಿನ ಮಧ್ಯಾಹ್ನ ಉಮ್ಮ, ಮಾಮಿ, ಸಮೀರಾ ಬೀಡಿ ಕೊಡಲು ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಿದ್ದರು. ಅಜ್ಜಿ ತಮ್ಮ ಕೋಣೆಯಲ್ಲಿ ಮಲಗಿದ್ದರು. ನಾನು ಎಲೆ ಕತ್ತರಿ ತೆಗೆದುಕೊಂಡು ಅಡುಗೆಮನೆಯಲ್ಲಿ ಒಲೆಯ ಎದುರು ಕೂತೆ. ಬಿಸ್ಮಿಲ್ಲಾ ಹೇಳಿ ಶುರುಮಾಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹೇಳಿದ್ದು ಹೌದು. ಒಂದೊಂದು ಚಿತ್ರದ ಕುತ್ತಿಗೆಯ ಗೆರೆ ನೋಡಿ, ಬೀಡಿ ಎಲೆಯನ್ನು ಕತ್ತರಿಸುವಷ್ಟೇ ಜಾಗ್ರತೆಯಲ್ಲಿ, ಅಕ್ಷರ ಹಾಳಾಗದ ಹಾಗೆ ತಲೆ ಮಾತ್ರ ತೆಗೆದು ಒಲೆಗೆ ಹಾಕಿದೆ. ನುಣುಪು ಕಾಗದ ಬೆಂಕಿಯಲ್ಲಿ ಹಸಿರು ನೀಲಿ ಬಣ್ಣಕ್ಕೆ ತಿರುಗುತ್ತಿತ್ತು. ಹಿಮದ ತೋಳ ಹೋಯಿತು, ಬೆಂಕಿಯ ತೋಳ ಹೋಯಿತು. ಹುಣ್ಣಿಮೆಯವನಿಗೆ ಮನುಷ್ಯನ ತಲೆ ಒಂದು, ತೋಳದ ತಲೆ ಒಂದು ಇತ್ತು, ಎರಡನ್ನೂ ತೆಗೆದೆ. ಕಡೆಗೆ ವಾರ್ಗಿನ ಪುಟ. ಪಿನ್ನು ಹೊಡೆದದ್ದು. ಅಡಿಯ ಹಾಳೆ ಕತ್ತರಿಗೆ ಸಿಗಬಾರದೆಂದು ಕತ್ತರಿಯ ಮೊನೆಯಿಂದ ಪಿನ್ನುಗಳನ್ನು ಒಂದೊಂದಾಗಿ ಎಬ್ಬಿಸಿದೆ. ತಲೆ ದೊಡ್ಡದು, ನನ್ನ ಎರಡೂ ಅಂಗೈ ಸೇರಿದಷ್ಟು. ಕತ್ತರಿಸಿ ಕೈಗೆ ತೆಗೆದುಕೊಂಡು ತಿರುಗಿಸಿದಾಗ ಹಿಂದೆ ಪೆನ್ಸಿಲಿನ ಅಕ್ಷರ. ದುಂಡಗಿನ, ಶಾಲೆಯ ಮಕ್ಕಳ ಹಾಗೆ ತಲೆಕಟ್ಟು ಎಳೆದು ಬರೆದ ಕನ್ನಡ. ಮೂರು ಸಾಲು. ಮೊದಲ ಎರಡನ್ನು ಓದಿದೆ.

"ಯಾರ ಮಗಳು ಎಂದು ಹೇಳಿದರೆ ದಾಳ ಬೇಡ. ತೋಳ ದಾರಿ ಬಿಡುತ್ತದೆ."

ಓದಿದ್ದು ಅರ್ಥವೂ ಆಯಿತು. ನಾನು ಹೇಳಿದ ಉತ್ತರವೇ ಸರಿ ಇತ್ತು ಎಂದು ಒಂದು ಕ್ಷಣ ಖುಷಿಯೂ ಆಯಿತು. ಅಷ್ಟರಲ್ಲಿ ಅಜ್ಜಿಯ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ನಾನು ಆ ತಲೆಯನ್ನು ಒಲೆಗೆ ಹಾಕಿಬಿಟ್ಟೆ. ಇದು ಮಾಮನ ಅಕ್ಷರ ಎಂದು ಗೊತ್ತಿದ್ದೂ ಹಾಕಿದೆ. ಗೊತ್ತಿರಲಿಲ್ಲ ಎಂದು ಬರೆದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಆದರೆ ತಿಳಿಯಬೇಕಾದವನಿಗೆ ತಿಳಿದಿದೆ. ಮೂರನೆಯ ಸಾಲು ಕಣ್ಣೆದುರೇ ಸುರುಟಿಕೊಂಡಿತು. ಅದರಲ್ಲಿ ಏನಿತ್ತೋ ಇವತ್ತಿಗೂ ಗೊತ್ತಿಲ್ಲ.

ಸಂಜೆ ಬೀಡಿಗೆ ಕೂತಾಗ ಸಮೀರಾ ಪುಸ್ತಕ ತೆಗೆದಳು. ಕೂಗಲಿಲ್ಲ. ಒಂದೊಂದೇ ಹಾಳೆ ಮಗುಚಿದಳು, ತಲೆ ಇಲ್ಲದ್ದು, ತಲೆ ಇಲ್ಲದ್ದು. ವಾರ್ಗಿನ ಪುಟಕ್ಕೆ ಬಂದು ಆ ದೊಡ್ಡ ತೂತಿನೊಳಗಿಂದ ಕೈ ಹಾಕಿ, ತನ್ನ ಬೆರಳುಗಳನ್ನೇ ನೋಡುತ್ತಾ ಕೂತಳು. ಮಾಮಿ ಬಗ್ಗಿ ನೋಡಿದರು.

"ಯಾರು ಮಾಡಿದ್ದಿದು?"

ಸಮೀರಾ ಮುಖ ಎತ್ತಿ ಅಜ್ಜಿಯನ್ನು ನೋಡಿದಳು. ದಾಳ ಕಿತ್ತುಕೊಂಡವರು ಅಜ್ಜಿಯೇ, ಹರಾಮ್ ಎಂದವರೂ ಅವರೇ, ಮಧ್ಯಾಹ್ನ ಮನೆಯಲ್ಲಿದ್ದವರೂ ಅವರೇ. ನಾನೂ ಇದ್ದೆ. ಆದರೆ ನನ್ನನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ನಾನು ತಲೆ ತಗ್ಗಿಸಿ ಎಲೆ ಕತ್ತರಿಸುತ್ತಾ ಇದ್ದೆ. ಅಜ್ಜಿಯ ಕಣ್ಣು ನನ್ನ ಕತ್ತರಿಯ ಮೇಲೆ ಬಿತ್ತು. ಅದರ ಮೊಳೆಯ ಸಂದಿನಲ್ಲಿ ಹೊಳೆಯುವ ಕಾಗದದ ಒಂದು ಚೂರು ಸಿಕ್ಕಿಕೊಂಡಿತ್ತು. ನಾನು ಅದನ್ನು ಆಗಲೇ ಕಂಡೆ, ಅಜ್ಜಿ ಕಂಡದ್ದನ್ನೂ ಕಂಡೆ. ಅವರು ಕೈ ಚಾಚಿ, "ಕೊಡಿಲ್ಲಿ, ನಿನ್ನ ಕತ್ತರಿ ಹರಿತ ಸಾಲದು" ಎಂದು ಕತ್ತರಿ ತೆಗೆದುಕೊಂಡು ತಮ್ಮ ತಡ್ಪೆಯಲ್ಲಿ ಇಟ್ಟುಕೊಂಡರು.

"ಅಮ್ಮಾ, ನೀವಾ?" ಎಂದರು ಮಾಮಿ.

"ನಾನು ಅಂತಲೇ ಇಟ್ಟುಕೊಳ್ಳಿ," ಎಂದರು ಅಜ್ಜಿ.

ನಾಲ್ಕನೆಯ ದಿನ ಪತ್ರ ಬಂತು. ಮಾಮನ ಜೊತೆ ಕೆಲಸ ಮಾಡುತ್ತಿದ್ದ ಮಲಯಾಳಿಯೊಬ್ಬರು ಬರೆದದ್ದು. ಮಾಮಿಯವರು ಹೊರಟ ಕೆಲವೇ ವಾರದಲ್ಲಿ ಮಾಮನಿಗೆ ಜ್ವರ ಬಂದು ಅದು ತಲೆಗೇರಿತಂತೆ. ಆಸ್ಪತ್ರೆಯಲ್ಲಿ ತೀರಿಕೊಂಡರು, ಅಲ್ಲೇ ದಫನ ಆಯಿತು. ಅಂದರೆ ನಾವು ಆ ತೋಳದ ಆಟ ಆಡುವಾಗಲೇ ಅವರು ಇರಲಿಲ್ಲ. ಇದರಲ್ಲಿ ನನ್ನ ಕತ್ತರಿಯದ್ದು ಏನೂ ಇಲ್ಲ, ಅಲ್ಲಾಹನ ವಿಧಿ ಎಂದು ಈಗ ತಿಳಿಯುತ್ತದೆ. ಹತ್ತು ವರ್ಷದವಳಿಗೆ ತಿಳಿಯಲಿಲ್ಲ. ಗಂಡ ತೀರಿದವಳು ಹೊರಗೆ ಬಾರದೆ ಕೂರುವ ಇದ್ದತಿನಲ್ಲಿ ಮಾಮಿ ಕೂತಷ್ಟು ದಿನವೂ ಅವರ ಕೋಣೆಗೆ ಗಂಜಿ ಕೊಂಡುಹೋಗುವುದು ನನ್ನ ಪಾಲಿಗೆ ಬಂತು. ಹೊಸ್ತಿಲಲ್ಲಿ ಇಟ್ಟು ಓಡಿ ಬರುತ್ತಿದ್ದೆ. ಮಾಮನ ಕೈಬರಹದ ಒಂದು ಕಾಗದವಾದರೂ ಉಂಟಾ ಎಂದು ಮಾಮಿ ಆ ಚೀಲವನ್ನು ಎಷ್ಟು ಸಲ ಕೊಡವಿದರೋ. ಪತ್ರಗಳೆಲ್ಲ ಕುವೈತಿನ ಮನೆಯಲ್ಲೇ ಉಳಿದಿದ್ದವು. ಪುಸ್ತಕದಲ್ಲಿ ಚಿತ್ರಗಳ ಸುತ್ತ ಇದ್ದ ಪೆನ್ಸಿಲಿನ ಗುರುತುಗಳಲ್ಲೂ ಬಹಳಷ್ಟು ತಲೆಗಳ ಜೊತೆ ಹೋಗಿದ್ದವು. ಅಕ್ಷರ ಹಾಳಾಗದ ಹಾಗೆ ಕತ್ತರಿಸಿದ್ದೆನಲ್ಲ, ನಾನು ಉಳಿಸಿದ್ದು ಇಂಗ್ಲಿಷಿನ ಅಕ್ಷರ.

ಆಮೇಲೆ ಮಾಮಿ ಗುರುವಾಯನಕೆರೆಗೆ, ಗಂಡನ ಮನೆಯವರಲ್ಲಿಗೆ ಹೋದರು. ಪುಸ್ತಕವನ್ನು ಸಮೀರಾ ಮುಟ್ಟಲಿಲ್ಲ, ಒಲೆಗೆ ಹಾಕಿ ಎಂದು ಹೇಳಿ ಬಿಟ್ಟು ಹೋದಳು. ಪೆರ್ನಾಳ್ ಹಬ್ಬಕ್ಕೆ ಬರುವಾಗ ಎಲ್ಲರಿಗೂ ಸಲಾಂ ಹೇಳಿ ಅಜ್ಜಿಯ ಎದುರಿನಿಂದ ಸುಮ್ಮನೆ ಹಾದು ಹೋಗುತ್ತಿದ್ದಳು. ಅಜ್ಜಿ ಅವಳಿಗೆಂದು ಎತ್ತಿಟ್ಟ ತಿಂಡಿಯ ತಟ್ಟೆಯನ್ನು ನಾನು ಕೊಂಡುಹೋಗಿ ಕೊಡುತ್ತಿದ್ದೆ, ಯಾರು ಕೊಟ್ಟದ್ದೆಂದು ಹೇಳದೆ. ಆರು ವರ್ಷ ಹೀಗೆ. ಪ್ರತಿ ಪೆರ್ನಾಳಿಗೂ ಈ ಸಲ ಹೇಳಿಬಿಡುತ್ತೇನೆ ಎಂದು ನಿಯ್ಯತ್ ಮಾಡುತ್ತಿದ್ದೆ. ಅಜ್ಜಿ ಹಾಸಿಗೆ ಹಿಡಿದಾಗ ಅವರ ಕಾಲು ಒತ್ತುತ್ತಾ ಒಂದು ದಿನ ಬಾಯಿ ತೆರೆದೆ.

"ಅಜ್ಜಿ, ಆ ಪುಸ್ತಕ..."

"ಯಾವ ಪುಸ್ತಕವೂ ಇಲ್ಲ. ಎಲೆಯಡಿಕೆಯ ಪೆಟ್ಟಿಗೆ ತೆಗಿ." ಅದರ ತಳದಲ್ಲಿ, ಸುಣ್ಣ ಮೆತ್ತಿಕೊಂಡು, ಆ ಇಪ್ಪತ್ತು ಮುಖದ ದಾಳ ಇತ್ತು. "ಇದು ಅವಳದ್ದು. ನಾನು ಕೊಟ್ಟರೆ ತಕೊಳ್ಳಲಿಕ್ಕಿಲ್ಲ. ನೀನು ಕೊಡು. ಕೊಡುವಾಗ ಹೇಳ್ಬೇಕಾದ್ದನ್ನೂ ಹೇಳು."

ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಮದುವೆಯಾಗಿ ಮೂಡಬಿದ್ರೆಗೆ ಬರುವಾಗ ಅಟ್ಟದಿಂದ ಪುಸ್ತಕ ಇಳಿಸಿ, ದಾಳದ ಜೊತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀರೆಯ ಅಡಿಯಲ್ಲಿ ತಂದೆ. ಸಮೀರಾ ಅಷ್ಟರಲ್ಲಿ ಗಂಡನ ಜೊತೆ ಗಲ್ಫಿಗೆ ಹೋಗಿದ್ದಳು. ದೂರ ಇದ್ದಾಳೆ, ಬಂದಾಗ ಹೇಳುವ ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಎರಡು ವರ್ಷಕ್ಕೊಮ್ಮೆ ಬರುತ್ತಿದ್ದಳು. ಹೇಳಿರಲಿಲ್ಲ.

ಶುಕ್ರವಾರ ವೇಣೂರಿನ ಮೇಲೆ ಬರುವ ಬಸ್ಸಿನಲ್ಲಿ ಬಂದಿಳಿದಳು. ನಮ್ಮವರು ಜುಮಾ ನಮಾಜಿಗೆ ಹೋಗಿದ್ದರು. ನಾನು ಪತ್ತಿರ್ ರೊಟ್ಟಿ ಮಾಡಲೆಂದು ಅಕ್ಕಿಹಿಟ್ಟಿಗೆ ಬಿಸಿನೀರು ಹೊಯ್ದು ಮುಚ್ಚಿಟ್ಟಿದ್ದೆ. ಮಾಮಿ ತೀರಿಕೊಂಡ ಮೇಲೆ ಅವಳನ್ನು ನೋಡಿದ್ದು ಅದೇ ಮೊದಲು. ಮೂವತ್ತು ತುಂಬುವ ಮೊದಲೇ ಕೂದಲಿನಲ್ಲಿ ಬಿಳಿ ಕಾಣುತ್ತಿತ್ತು. ಅಡುಗೆಮನೆಯ ಮಣೆ ಎಳೆದುಕೊಂಡು ಕೂತಳು.

"ಉಮ್ಮನ ಪೆಟ್ಟಿಗೆ ಪೂರ್ತಿ ಹುಡುಕಿದೆ ಆಸ್ಮಾ. ಉಪ್ಪನ ಒಂದು ಅಕ್ಷರ ಇಲ್ಲ. ನನ್ನ ಮಗಳು ಕೇಳ್ತಾಳೆ, ನಿನ್ನ ಉಪ್ಪನ ಬರಹ ಹೇಗಿತ್ತು ಅಂತ. ಆ ಪುಸ್ತಕದಲ್ಲಿ ಅಲ್ಲಿ ಇಲ್ಲಿ ಎಲ್ಲಾದರೂ ಉಳಿದಿರ್ಬಹುದು ಅಲ್ವಾ?"

ಪುಸ್ತಕ ತಂದು ಅವಳ ಮಡಿಲಲ್ಲಿ ಇಟ್ಟೆ. ಅದರ ಮೇಲೆ ದಾಳ ಇಟ್ಟೆ. ಕೂತರೆ ಹೇಳಲು ಆಗುವುದಿಲ್ಲವೆಂದು ಬಾಗಿಲಲ್ಲಿ ನಿಂತೇ ಹೇಳಿದೆ.

"ಕತ್ತರಿಸಿದ್ದು ಅಜ್ಜಿ ಅಲ್ಲ, ನಾನು. ಮಲಕುಗಳು ಬರ್ಲಿ ಅಂತ, ಮಾಮ ಬರ್ಲಿ ಅಂತ. ಅಜ್ಜಿಗೆ ಗೊತ್ತಿತ್ತು."

ಅವಳು ದಾಳವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಉಗುರಿನಿಂದ ಸುಣ್ಣ ಕೆರೆದಳು. ಕೇಳಿಸಿತೋ ಇಲ್ಲವೋ ಎಂದು ನಾನು ಮತ್ತೆ ಶುರುಮಾಡುವಷ್ಟರಲ್ಲಿ ಕೇಳಿದಳು.

"ಪಿನ್ನಿನೊಳಗಿದ್ದದ್ದನ್ನು ಓದಿದ್ದೀಯಾ?"

"ಎರಡು ಸಾಲು. ಮೂರನೆಯದ್ದು ಓದಲಿಕ್ಕೆ ಆಗ್ಲಿಲ್ಲ."

"ಹೇಳು."

ಹೇಳಿದೆ. ಹದಿನೈದು ವರ್ಷ ಪ್ರತಿ ರಾತ್ರಿ ಮಲಗುವ ಮೊದಲು ಕುರ್‌ಆನಿನ ಆಯತುಲ್ ಕುರ್ಸಿ ಓದಿದ ಮೇಲೆ ಒಮ್ಮೆ ಮನಸ್ಸಿನಲ್ಲೇ ಹೇಳಿಕೊಂಡ ಸಾಲುಗಳು, ತಪ್ಪಲಿಲ್ಲ. ಅವಳು ತಲೆ ಇಲ್ಲದ ತೋಳದ ಪುಟ ಬಿಡಿಸಿ ಅದರ ತೂತಿನ ಮೇಲೆ ಅಂಗೈ ಇಟ್ಟಳು.

"ಕೇಳು ನನ್ನತ್ರ," ಎಂದಳು.

"ಏನು?"

"ಅದು ಕೇಳ್ತದಲ್ಲ, ಅದನ್ನು."

"ನೀನು ಯಾರು?" ಎಂದು ಕೇಳಿದೆ.

"ಹಸನಬ್ಬನ ಮಗಳು."

ಹೇಳಿ ಎದ್ದಳು. ನಾನು ಬಾಗಿಲಿನಿಂದ ಸರಿದು ನಿಂತೆ. ಅವಳು ನನ್ನನ್ನು ದಾಟಿ ನಡುಮನೆಗೆ ಹೋದಳು, ಅಲ್ಲಿ ನಿಂತಳು, ತಿರುಗಿದಳು. ಕಣ್ಣು ಒರೆಸಿಕೊಂಡಿರಲಿಲ್ಲ.

"ಉಪ್ಪನದ್ದು ಸರಿ. ನೀನಾಗ ಸಣ್ಣವಳು, ಅದನ್ನು ಬಿಡುವ. ಆದರೆ ಅಜ್ಜಿಯ ಎದುರಿನಿಂದ ನಾನು ಮಾತಾಡದೆ ಹೋಗ್ತಿದ್ದೆ ಅಲ್ವಾ, ಆರು ವರ್ಷ. ನೀನು ತಟ್ಟೆ ತಂದುಕೊಡ್ತಿದ್ದಿ. ಆಗ ನೀನು ಸಣ್ಣವಳಲ್ಲ."

"ಅಲ್ಲ," ಎಂದೆ.

"ಮುಸಲ್ಲ ಎಲ್ಲಿ ಉಂಟು? ಅಜ್ಜಿಯ ಹೆಸರಿನಲ್ಲಿ ಒಂದು ಯಾಸೀನ್ ಓದ್ಬೇಕು."

ನಾನು ಮುಸಲ್ಲ ತೆಗೆದುಕೊಟ್ಟು, ಕೈಕಾಲು ತೊಳೆದು ವುಝೂ ಮಾಡಲು ಅವಳ ಹಿಂದೆಯೇ ಹೊರಟೆ.

"ನೀನು ಬರ್ಬೇಡ," ಎಂದಳು. "ನಿಂದನ್ನು ನೀನು ಬೇರೆ ಓದು."

ಕೋಣೆಯ ಬಾಗಿಲು ಅರ್ಧ ಹಾಕಿಕೊಂಡಳು. ಊಟ ಮಾಡದೆ ಹೋಗುತ್ತೇನೆಂದು ಅವಳು ಹೇಳಲಿಲ್ಲ, ಅದೊಂದು ರಹ್ಮತ್ ಎಂದು ಎಣಿಸಿಕೊಂಡೆ. ಒಳಗಿನಿಂದ ಅವಳ ಸ್ವರ ಕೇಳಲು ಶುರುವಾಯಿತು. ಕುರ್‌ಆನ್ ಓದಲು ಅಜ್ಜಿಯೇ ಕಲಿಸಿದ ರಾಗ. ಅಡುಗೆಮನೆಗೆ ಬಂದು ಮುಚ್ಚಳ ತೆಗೆದು ನೋಡಿದರೆ ಹಿಟ್ಟು ತಣ್ಣಗಾಗಿ ಗಟ್ಟಿಯಾಗಿತ್ತು. ಇನ್ನೊಂದು ಲೋಟ ನೀರು ಕಾಯಿಸಿ ಹೊಯ್ದು, ಕೈ ಸುಡುವಷ್ಟು ಬಿಸಿ ಇರುವಾಗಲೇ ನಾದಲು ಕೂತೆ.